ನಾಳೆ ಬಾ

ಮಸ್ಜಿದ್ ಬಂದರ್, ಮೂರನೇ ಮಹಡಿ.
ಕೆಳಗೆ ಲವಂಗದ ಚೀಲ, ಕೈಗಾಡಿ, ಬೈಗುಳ.
ಮೇಲೆ, ಮೆಟ್ಟಿಲಡಿಯ ಗೂಡಿನಲ್ಲಿ,
ಹಳೇ ಕಬ್ಬಿಣದ ತಿಜೋರಿಯ ಪಕ್ಕ
ನನ್ನ ಸರ್ವರ್.
ಶೇಠರು ಎರಡಕ್ಕೂ ದಿನಾ ಊದಿನಕಡ್ಡಿ ಹಚ್ಚುತ್ತಾರೆ.
ಬೂದಿ ಫ್ಯಾನಿನೊಳಗೆ ಹೋಗುತ್ತದೆ ಅಂದರೆ
ಇನ್ನೊಂದು ಕಡ್ಡಿ ಹಚ್ಚುತ್ತಾರೆ.

ಮೂವತ್ತೇಳು ಪೆಟ್ಟಿಗೆಗಳಿಗೆ ನಾನು ಅಂಚೆಯವಳು.
ಯಾರದ್ದು ತುಂಬಿ ತುಳುಕುತ್ತಿದೆ,
ಯಾರು ಪಾಸ್‌ವರ್ಡಿನ ಚೀಟಿಯನ್ನು
ಗಣಪತಿಯ ಪಟದ ಹಿಂದೆ ಸಿಕ್ಕಿಸಿದ್ದಾರೆ,
ಎಲ್ಲ ಗೊತ್ತು.

ಈ ಐಪಿ ನಂಬರು ಬಾಡಿಗೆಗೆ ಸಿಕ್ಕಾಗ
ನಮಗಿಂತ ಮುಂಚೆ ಇದ್ದವನು ಯಾರೋ
ಲಾಟರಿ, ಬೊಕ್ಕತಲೆಯ ಎಣ್ಣೆ ಮಾರಿ
ಲೋಕದ ತುಂಬ ಹೆಸರು ಕೆಡಿಸಿಟ್ಟಿದ್ದ.
ನಾವು 'ಮಾನ್ಯರೇ' ಅನ್ನುವಷ್ಟರಲ್ಲೇ
ಆಚೆಯವರು ಅಗುಳಿ ಹಾಕುತ್ತಿದ್ದರು.
ಆರು ವಾರ ಅರ್ಜಿ ಬರೆದೆ:
ಅವನು ಬಿಟ್ಟು ಹೋದ, ಸ್ವಾಮಿ. ನಾವು ಲವಂಗದವರು.
ಘಾಟ್‌ಕೋಪರಿನ ನನ್ನ ಖೋಲಿಗೂ
ಹಿಂದಿನವನ ನಾಲ್ಕು ತಿಂಗಳ ಲೆಕ್ಕ ಹಿಡಿದು
ಹಾಲಿನವನು ಬಂದಿದ್ದ.
ಅರ್ಧ ಕೊಟ್ಟೆ. ಯಾಕೆ ಕೊಟ್ಟೆನೋ.

ಆಮೇಲೆ ಪೀಡೆ ನಮ್ಮ ಬಾಗಿಲಿಗೇ ಬಂತು.
ರಾತ್ರಿಯೊಂದಕ್ಕೆ ಹನ್ನೊಂದು ಸಾವಿರ.
ಆಗ ನೆನಪಾದಳು ಅಜ್ಜಿ.
ತಿಪಟೂರಿನ ಆಚೆ, ದೆವ್ವದ ಸುದ್ದಿ ಎದ್ದ ವರ್ಷ
ಅಕ್ಷರ ಬಾರದವಳು ಇದ್ದಲು ಹಿಡಿದು
ಪಕ್ಕದ ಮನೆ ಕದ ನೋಡಿ ನಕಲು ಮಾಡಿದಳು:
ನಾಳೆ ಬಾ.
ಳೆ ತಲೆಕೆಳಗಾಗಿತ್ತು.
ದೆವ್ವಕ್ಕೆ ಅರ್ಥವಾಯಿತು.

ನಾನೂ ಅದನ್ನೇ ಬರೆದೆ.
ಗುರುತಿಲ್ಲದವರು ಯಾರು ತಟ್ಟಿದರೂ
ನಾನೂರೈವತ್ತು: ಈಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ.
ಈ ಕಾಲದ ದೆವ್ವಗಳಿಗೆ ಪುರುಸೊತ್ತಿಲ್ಲ,
ಮುಂದಿನ ಮನೆಗೆ ಹೋಗುತ್ತವೆ.
ಮರ್ಯಾದಸ್ಥರು ಜಗಲಿಯಲ್ಲಿ ಕೂತಿದ್ದು
ಕಾಲು ಗಂಟೆ ಕಳೆದು ಮತ್ತೆ ತಟ್ಟುತ್ತಾರೆ.
ಹನ್ನೊಂದು ಸಾವಿರ ಹೋಗಿ ಮುನ್ನೂರಾಯಿತು.
ಶೇಠರು ಪೇಡಾ ತರಿಸಿದರು,
ಒಂದನ್ನು ಸರ್ವರಿನ ಮೇಲೂ ಇಟ್ಟರು.
ಇರುವೆ.

ಗೋದಾಮಿನ ಲೆಕ್ಕ ಬರೆಯುವ ಮೋರೇಶ್ವರ ಪರಬ್
ಎರಡು ವಾರದಿಂದ ದಿನಾ ಸಂಜೆ ಕೇಳುತ್ತಾರೆ,
'ನನಗೇನಾದರೂ ಬಂತಾ?'
ಬಲಗೈಯ ಎರಡು ಬೆರಳು ಮರಗಟ್ಟಿ
ಹಾರ್ಮೋನಿಯಂ ಮಾರುವುದೆಂದು
ಪೇಪರಿನಲ್ಲಿ ಹಾಕಿಸಿದ್ದಾರೆ,
ಆಫೀಸಿನ ಮೇಲ್ ಐಡಿ ಕೊಟ್ಟು.
ಇಲ್ಲ ಅನ್ನುತ್ತಿದ್ದೆ.
ಇಲ್ಲ ಅಂದಾಗೆಲ್ಲ ಅವರು
ಒಂದು ಗುಟುಕು ನೀರು ಕುಡಿದು ಹೋಗುತ್ತಿದ್ದರು.

ಇವತ್ತು ಲಾಗ್ ಸೋಸುವಾಗ ಒಂದು ಸಾಲು.
ಗುರುವಾರ, ಮಧ್ಯಾಹ್ನ ಎರಡು ಹದಿನೇಳು.
ಸಾವಂತವಾಡಿಯ ಯಾವುದೋ ವಾದ್ಯದಂಗಡಿಯಿಂದ
ಪರಬರಿಗೆ.
ನಾಳೆ ಬಾ ಅಂದಿದ್ದೇವೆ.
ಮತ್ತೆ ಬಂದಿಲ್ಲ.

ಏನು ಬರೆದಿದ್ದರು ಅಂತ ಕೇಳಬೇಡಿ.
ಹೊಸ್ತಿಲಲ್ಲೇ ತಡೆದವರ ಜೋಳಿಗೆಯನ್ನು
ನಾವು ಬಿಚ್ಚಿಸುವುದಿಲ್ಲ.
ಹೆಸರು, ಹೊತ್ತು,
ಉಳಿಯುವುದು ಅಷ್ಟೇ.

ಇನ್ನು ಮುಂದೆ ಇವರು ಬಂದರೆ ಬಾಗಿಲು ತೆರೆ ಎಂದು
ಒಂದು ಸಾಲು ಸೇರಿಸಿದೆ.
ನಾನೇ ಒಂದು ಪತ್ರವನ್ನೂ ಬರೆದೆ,
ತಪ್ಪಾಯಿತು, ಪೆಟ್ಟಿಗೆ ಇನ್ನೂ ಇದೆ, ಮತ್ತೆ ಬರೆಯಿರಿ.
ಕಳಿಸಿದ ಮರುಕ್ಷಣ ಉತ್ತರ.
ಮನುಷ್ಯರದ್ದಲ್ಲ, ಅವರ ಬಾಗಿಲಿನದ್ದು:
ನಾನೂರೈವತ್ತು. ಈಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ.

ಕಾಯಲು ಬಾರದವರಿಗೂ
ಕಾಯಿಸಲು ಬರುತ್ತದೆ.

ನನ್ನ ಸರ್ವರ್ ಸಭ್ಯಸ್ಥ. ಸರದಿಯಲ್ಲಿ ಕೂತಿದೆ.
ಬಾಗಿಲು ತೆರೆಯದಿದ್ದರೆ ಐದು ದಿನ ಕೂರುತ್ತದೆ,
ಕೆಮ್ಮದೆ, ಗಡಿಯಾರ ನೋಡಿಕೊಳ್ಳದೆ.

ಆರೂವರೆ. ಪರಬ್ ಚಪ್ಪಲಿ ಮೆಟ್ಟಿಕೊಂಡು ಬಂದರು.
'ಬಂತಾ?'
ಎಲ್ಲವನ್ನೂ ಹೇಳಬೇಕೆಂದು ಬಾಯಿ ತೆರೆದೆ.
'ನಾಳೆ' ಅಂದೆ.
'ಹಾಗಾದರೆ ಇವತ್ತು ರಾತ್ರಿ
ಮನೆಯಲ್ಲೇ ಇರುತ್ತದೆ ಅಂತಾಯಿತು' ಅಂದರು.
ಮೆಟ್ಟಿಲಿಳಿಯುತ್ತ
ಕಂಬಿಯ ಮೇಲೆ
ಎಂಟು ಬೆರಳು.